ಚಕ್ರದ ಭಾನುವಾರಗಳು

ಮಾರ್ಚ್ 4, 1991, ಸೋಮವಾರ

ಡೆಸ್ಮಂಡ್ ಮನೆ ಬಿಟ್ಟು ಹೋಗಿ ಆರು ವಾರವಾದ ಮೇಲೆ ಇವತ್ತು ಮೊದಲ ಸಲ ಫೋನ್ ಮಾಡಿದ. ನಾನು ಬದುಕಿದ್ದೇನೋ ಸತ್ತಿದ್ದೇನೋ ವಿಚಾರಿಸುವುದಕ್ಕಲ್ಲ.

"ಬೆರಿಲ್, ಡಚೆಸ್‌ಗೆ ಬ್ಯಾಟರಿ ಚಾರ್ಜು ಹಾಕಿದ್ದೀಯಾ?"

ಡಚೆಸ್ ಅಂದರೆ ಶೆಡ್ಡಿನಲ್ಲಿರುವ ಹಸಿರು ಗಾಡಿ. ಅರವತ್ತೊಂದನೇ ಇಸವಿಯದು, ಎರಡೇ ಸೀಟು, ಸೈಕಲ್ಲಿನವುಗಳ ಹಾಗೆ ನಾಲ್ಕು ಕಡ್ಡಿಚಕ್ರ. ಅರವತ್ತು ದಾಟಿದ ಗಂಡಸು ತಗಡಿನ ಗಾಡಿಗೆ ರಾಣಿಯಂಥ ಹೆಸರಿಟ್ಟು ಮುದ್ದು ಮಾಡುವುದು, ಮೂವತ್ತನಾಲ್ಕು ವರ್ಷ ಸಂಸಾರ ಮಾಡಿದ ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದು ಮಾತ್ರ ಏನಾದರೂ ಬೇಕಾದಾಗ.

ಹೋಗಿರುವುದು ಮಾಲ್ವರ್ನ್‌ಗೆ, ಅವಳ ಮನೆಗೆ. ರೋಸಲಿಂಡ್ ಪೀಕ್. ಹಳೇ ಕಾರುಗಳ ಕ್ಲಬ್ಬಿನ ಕಾರ್ಯದರ್ಶಿ. ಅವಳ ಮನೆಯಲ್ಲಿ ಎರಡನೇ ಗಾಡಿಗೆ ಜಾಗವಿಲ್ಲವಂತೆ. ಎರಡನೇ ಗಂಡನಿಗೆ ಜಾಗವಿತ್ತು ನೋಡಿ. ಮೇ ತಿಂಗಳವರೆಗೆ ಗಾಡಿ ಇಲ್ಲೇ ಇರಬೇಕಂತೆ. ಜೂನ್ ಒಂದಕ್ಕೆ ಕ್ಲಬ್ಬಿನವರೆಲ್ಲ ಫ್ರಾನ್ಸಿಗೆ ಹೊರಡುತ್ತಾರೆ, ಇವರಿಬ್ಬರೂ ಡಚೆಸ್‌ನಲ್ಲಿ.

"ಚಕ್ರಗಳನ್ನ ಮಾತ್ರ ಯಾರ ಕೈಗೂ ಕೊಡಬೇಡ. ಅದರ ಹದ ನನಗೊಬ್ಬನಿಗೇ ಗೊತ್ತು."

ಫೋನಿಟ್ಟ ಮೇಲೆ ರಿಸೀವರನ್ನು ಫಿನಾಯಿಲ್ ಬಟ್ಟೆಯಿಂದ ಒರೆಸಿದೆ. ಎರಡು ಸಲ.

ಮಾರ್ಚ್ 9, ಶನಿವಾರ

ನಾದಿನಿ ಹಿಲ್ಡಾ ಬಂದಿದ್ದಳು. ಅಣ್ಣನ ಕಡೆಗೂ ಇಲ್ಲ, ನನ್ನ ಕಡೆಗೂ ಇಲ್ಲ ಅಂತ ಹೇಳಿಕೊಂಡು ಎರಡೂ ಮನೆಯಲ್ಲಿ ಕೇಕು ತಿನ್ನುತ್ತಾಳೆ.

"ಗಂಡಸರ ಬುದ್ಧಿ ಕಣೇ, ಎರಡು ತಿಂಗಳಲ್ಲಿ ಇಳಿಯುತ್ತೆ. ಅಲ್ಲೀವರೆಗೂ ಗಾಡಿ ನೋಡ್ಕೊ. ಗಾಡಿ ಇದ್ದರೆ ಬಂದೇ ಬರ್ತಾನೆ."

"ಅಂದರೆ ನಾನು ಗಾಡಿಯ ಕಾವಲಿಗೆ ಇರೋಳು."

"ಹಾಗಂದೆನಾ? ಆ ಜಿಂಜರ್ ಕೇಕ್ ಇನ್ನೊಂದು ತುಂಡು ಕೊಡು."

ಅವಳು ಹೋದ ಮೇಲೆ ಶೆಡ್ಡಿಗೆ ಹೋದೆ. ಬಾಗಿಲು ತೆರೆದರೆ ಸಾಕು, ಹಳೇ ಎಣ್ಣೆ, ತೊಗಲು, ಒದ್ದೆ ನಾಯಿ ಎಲ್ಲ ಸೇರಿದ ನಾತ. ಮೊಳೆಗೆ ಅವನ ನೀಲಿ ಓವರಾಲು ತೂಗುತ್ತಿತ್ತು. ನಾನೇ ಒಗೆದು ಇಸ್ತ್ರಿ ಮಾಡಿದ್ದು. ಹೊಸದೊಂದು ಕೊಂಡಿರಬೇಕು, ಅಲ್ಲಿ ಒಗೆಯುವವಳು ಸಿಕ್ಕಿದ್ದಾಳಲ್ಲ.

ಹನ್ನೊಂದು ವರ್ಷದಿಂದ ಪ್ರತಿ ತಿಂಗಳ ಮೊದಲನೇ ಭಾನುವಾರ ನಮ್ಮ ಮನೆಯಲ್ಲಿ ಚಕ್ರದ ಭಾನುವಾರ. ಕಡ್ಡಿಚಕ್ರ ಅಂದರೆ ಬೇರೆ ಗಾಡಿಗಳ ಹಾಗೆ ನಾಲ್ಕು ಬೋಲ್ಟಲ್ಲ. ನಡುವೆ ಎರಡು ರೆಕ್ಕೆಯ ಒಂದೇ ದೊಡ್ಡ ನಟ್ಟು, ಅದನ್ನು ತಾಮ್ರದ ಸುತ್ತಿಗೆಯಿಂದ ಹೊಡೆದು ಬಿಗಿ ಮಾಡಬೇಕು. ತಿಂಗಳಿಗೊಮ್ಮೆ ನಾಲ್ಕನ್ನೂ ಬಿಚ್ಚಿ, ತೊಳೆದು, ಗ್ರೀಸು ಹಚ್ಚಿ ಮತ್ತೆ ಕೂರಿಸದಿದ್ದರೆ ಪ್ರಾಣಕ್ಕೇ ಅಪಾಯ ಅನ್ನುತ್ತಿದ್ದ. ಅದಕ್ಕೆ ಬ್ಯೂಡ್ಲಿಯಲ್ಲಿ ಸ್ಟ್ಯಾನ್ ಎಂಬ ಗೆಳೆಯನ ಶೆಡ್ಡೇ ಆಗಬೇಕು. ಬೆಳಿಗ್ಗೆ ಎಂಟಕ್ಕೆ ಹೋದರೆ ಸಂಜೆ ಐದು. ನಾನು ಬ್ರೆಡ್ಡಿನ ನಡುವೆ ಸಾಸೇಜಿಟ್ಟು, ಸಾಸಿವೆ ಸವರಿ, ಕಾಗದದಲ್ಲಿ ಸುತ್ತಿ ಕೊಡಬೇಕು. ಸಂಜೆ ಓವರಾಲಿನ ಮಂಡಿ ತುಂಬ ಗ್ರೀಸು. ಸೋಮವಾರವೆಲ್ಲ ಸೋಡಾ ಹಾಕಿ ಉಜ್ಜಬೇಕು. ಬೆರಳ ಸಂದಿ ಬಿರಿಯುತ್ತಿತ್ತು. ನಾನು ಕೆಲಸ ಮಾಡುವ ಶಾಲೆಯ ಅಡುಗೆಮನೆಯಲ್ಲಿ ಆ ಕೈಯಲ್ಲಿ ಹಿಟ್ಟು ಮುಟ್ಟುವುದಕ್ಕೆ ನನಗೇ ಅಸಹ್ಯ.

ಓವರಾಲನ್ನು ಇಕ್ಕಳದಿಂದ ಎತ್ತಿ ಕಸದ ತೊಟ್ಟಿಗೆ ಹಾಕಿದೆ.

ಮಾರ್ಚ್ 19, ಮಂಗಳವಾರ

ಗಾಡಿಯ ಕಾಗದಪತ್ರ ಹುಡುಕಿದೆ. ನನ್ನ ಹೆಸರಿನಲ್ಲೇ ಇದೆ! ಅಮ್ಮ ತೀರಿಕೊಂಡಾಗ ಬಂದ ಹಣದಲ್ಲಿ ಕೊಂಡದ್ದು. ಅದನ್ನೂ ಮರೆಯುವ ಹಾಗೆ ಮಾಡಿದ್ದ.

ಮಾರುವುದು ಅಂತ ತೀರ್ಮಾನಿಸಿದೆ. ಸ್ಟೋರ್‌ಬ್ರಿಜ್‌ನ ವ್ಯಾಪಾರಿಯೊಬ್ಬ ಫೋನಿನಲ್ಲಿ, "ಕಡ್ಡಿಚಕ್ರದ ಗಾಡೀನಾ? ಮೊದಲು ಬಿಲ್ಸ್ಟನ್‌ನ ಚಕ್ರ ಕಟ್ಟೋ ಐವರ್ ಪ್ಯೂಗೆ ತೋರಿಸಿ. ಅವನು ಸರಿ ಅಂದರೆ ನಾನು ಕಣ್ಣು ಮುಚ್ಚಿಕೊಂಡು ತಗೋತೀನಿ" ಅಂದ.

ಮಾರ್ಚ್ 23, ಶನಿವಾರ

ಆ ಐವರ್ ಪ್ಯೂ ಬಂದಿದ್ದ. ಮುದುಕ. ಎಪ್ಪತ್ತು ದಾಟಿದೆ, ನಾಲ್ಕು ಹೆಜ್ಜೆಗೊಮ್ಮೆ ಏದುಸಿರು. ಉಗುರೆಲ್ಲ ಕಪ್ಪು. ಚಹಾ ಕೊಟ್ಟೆ, ಒಡೆದ ಕಪ್ಪಿನಲ್ಲಿ. ಒಳ್ಳೆಯ ಕಪ್ಪು ಕೊಡಲು ಮನಸ್ಸಾಗಲಿಲ್ಲ.

ಮೊದಲು ಪೆನ್ಸಿಲಿನಿಂದ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ತಟ್ಟಿ ಕಿವಿಗೊಟ್ಟ. ಆಮೇಲೆ ಎಡಗಡೆಯ ಹಿಂದಿನ ಚಕ್ರದ ನಟ್ಟಿಗೆ ಸುತ್ತಿಗೆಯಿಂದ ಹೊಡೆದ. ಅಲುಗಲಿಲ್ಲ. ಹತ್ತು ಏಟು. ಕುಳಿತು ಉಸಿರೆಳೆದುಕೊಂಡು ಇನ್ನೂ ಹತ್ತು. ಕಡೆಗೆ ಕಿರುಗುಟ್ಟಿಕೊಂಡು ತಿರುಗಿತು. ಜಾಕಿ ಕೊಟ್ಟು ಎತ್ತಿ ಚಕ್ರ ಎಳೆದರೆ ಅದೂ ಬರಲೊಲ್ಲದು. ಇಬ್ಬರೂ ಸೇರಿ ಎಳೆದೆವು. ಬಂದಾಗ ಒಳಗಿನಿಂದ ಒಂದು ಹಿಡಿ ಕೆಂಪು ಪುಡಿ ನೆಲಕ್ಕೆ ಸುರಿಯಿತು, ಇಟ್ಟಿಗೆ ಅರೆದ ಹಾಗೆ.

"ಇದನ್ನ ಕೊನೇ ಸಲ ಬಿಚ್ಚಿದ್ದು ಯಾವಾಗ, ಮಿಸೆಸ್ ಟ್ರಾಂಟರ್?"

"ಜನವರಿಯ ಮೊದಲನೇ ಭಾನುವಾರ. ನನ್ನ ಗಂಡ ತಿಂಗಳಿಗೊಂದು ಸಲ ನಾಲ್ಕನ್ನೂ ಬಿಚ್ಚುತ್ತಿದ್ದರು."

ಮುದುಕ ಹೋ ಅಂತ ನಕ್ಕ. "ತಿಂಗಳಿಗೊಂದು ಸಲಾನಾ! ವರ್ಷಕ್ಕೆ ಎರಡು ಸಲ ಮಾಡೋನೇ ಪುಣ್ಯಾತ್ಮ..." ನನ್ನ ಮುಖ ನೋಡಿ ನಗು ಅಲ್ಲೇ ನಿಂತಿತು. ಸ್ವಲ್ಪ ಹೊತ್ತು ಕೈ ಒರೆಸಿಕೊಳ್ಳುತ್ತಾ ಇದ್ದ. "ಟೈರು ಯಾವಾಗ ಬದಲಾಯಿಸಿದ್ದು?"

"ಎಂಬತ್ತೈದರಲ್ಲಿ."

"ಹಾಗಾದರೆ ಆವಾಗಲೇ ಬಿಚ್ಚಿದ್ದು. ಆಮೇಲೆ ಇದನ್ನ ಯಾರೂ ಮುಟ್ಟಿಲ್ಲ ಅಮ್ಮಾ. ಬನ್ನಿ ಇಲ್ಲಿ, ಬೆರಳಿಟ್ಟು ನೋಡಿ."

ಚಕ್ರ ಕೂರುವ ಕಬ್ಬಿಣದ ಗುಂಬ, ಹಬ್ಬು ಅಂತಾರೆ, ಅದರ ಸುತ್ತ ಉದ್ದುದ್ದ ಹಲ್ಲುಗಳಿವೆ. ಚಕ್ರದ ಒಳಗೂ ಹಾಗೇ. ಒಂದರೊಳಗೊಂದು ಕಚ್ಚಿಕೊಂಡು ಕೂರಬೇಕು. ಹಲ್ಲಿನ ತಲೆ ಚಪ್ಪಟೆಯಾಗಿರಬೇಕಂತೆ. ಇವು ಗರಗಸದ ಹಾಗೆ ಚೂಪಾಗಿದ್ದವು. ಬೆರಳು ಕೊಯ್ದುಕೊಂಡೆ.

"ಗ್ರೀಸು ಒಣಗಿ, ತುಕ್ಕು ಹಿಡಿದು, ಒಂದನ್ನೊಂದು ತಿಂದಿವೆ. ಹೊರಡುವಾಗ ಟಿಕ್ ಟಿಕ್ ಅಂತಿರಲಿಲ್ವಾ?"

ಅನ್ನುತ್ತಿತ್ತು. ವಯಸ್ಸಾದ ಗಾಡಿಗೂ ಕೀಲು ನೋವು ಅಂತ ಡೆಸ್ಮಂಡ್ ತಮಾಷೆ ಮಾಡುತ್ತಿದ್ದ. ಮುದುಕ ಉಳಿದ ಮೂರನ್ನೂ ಬಿಚ್ಚಿ ನೋಡಿದ.

"ಇಳಿಜಾರಿನಲ್ಲಿ ಜೋರಾಗಿ ಬ್ರೇಕು ಹಾಕಿದಾಗ ಇವು ಜಾರುತ್ತವೆ. ಬ್ರೇಕು ಹಿಡಿಯೋದು ಹಬ್ಬನ್ನ. ಚಕ್ರ ತನ್ನ ಪಾಡಿಗೆ ತಾನು ತಿರುಗುತ್ತಿರುತ್ತೆ. ಆಮೇಲೆ ದೇವರೇ ಗತಿ. ಮುಂದಿನವು ನಡೆಯುತ್ತವೆ. ಹಿಂದಿನ ಎರಡಕ್ಕೂ ಹಬ್ಬೂ ಹೊಸದು, ಚಕ್ರವೂ ಹೊಸದು ಬೇಕು. ಹಳೇ ಹಲ್ಲಿನ ಮೇಲೆ ಹೊಸದನ್ನ ಕೂರಿಸಿದರೆ ಹಳೇದು ಹೊಸದನ್ನೂ ತಿಂದುಬಿಡುತ್ತೆ."

ಹಿಂಭಾಗವನ್ನು ಮರದ ದಿಮ್ಮಿಗಳ ಮೇಲೆ ನಿಲ್ಲಿಸಿ ಹೋದ.

ನಾನು ಶೆಡ್ಡಿನಲ್ಲೇ ನಿಂತಿದ್ದೆ. ಚಕ್ರ ಬಿಚ್ಚಲೇ ಇಲ್ಲ ಅಂದ ಮೇಲೆ ಓವರಾಲಿನ ಮಂಡಿಗೆ ಗ್ರೀಸು ಬಂದದ್ದೆಲ್ಲಿಂದ? ಡಬ್ಬಿಯಿಂದ. ಕೈಯಾರೆ ತೆಗೆದು ಬಳಿದುಕೊಂಡಿದ್ದಾನೆ. ಎಲ್ಲೋ ರಸ್ತೆ ಪಕ್ಕ ಗಾಡಿ ನಿಲ್ಲಿಸಿ, ಬ್ರೆಡ್ಡಿಗೆ ಬೆಣ್ಣೆ ಸವರುವ ಹಾಗೆ ಎರಡೂ ಮಂಡಿಗೆ ಸವರಿಕೊಂಡು ಮನೆಗೆ ಬಂದಿದ್ದಾನೆ. ಅವಳ ಹಾಸಿಗೆಯಿಂದ ಎದ್ದು. ನಾನು ಹನ್ನೊಂದು ವರ್ಷ ಸುಳ್ಳನ್ನು ಸೋಡಾ ಹಾಕಿ ಒಗೆದಿದ್ದೇನೆ.

ಮಾರ್ಚ್ 24, ಭಾನುವಾರ

ಮೂರು ಸಲ ವಾಂತಿ. ಸಾಸೇಜು ನೆನಪಾದರೆ ಮತ್ತೆ ಬರುತ್ತದೆ. ಸಾಸಿವೆ ಬೇರೆ ಸವರಿಕೊಡುತ್ತಿದ್ದೆ.

ಏಪ್ರಿಲ್ 2, ಮಂಗಳವಾರ

ಡೆಸ್ಮಂಡ್ ಫೋನು. ಧ್ವನಿಯಲ್ಲಿ ಜೇನು.

"ಗಾಡಿ ಮಾರ್ತೀಯ ಅಂತ ಹಿಲ್ಡಾ ಹೇಳಿದಳು. ಕಾಗದ ನಿನ್ನ ಹೆಸರಿನಲ್ಲಿದೆ, ಒಪ್ಪಿದೆ. ಆದರೆ ಬೆರಿಲ್, ಆ ಗಾಡೀನ ನನ್ನಷ್ಟು ಯಾರು ನೋಡಿಕೊಂಡಿದ್ದಾರೆ ಹೇಳು? ಒಂದು ಮೊದಲನೇ ಭಾನುವಾರ ತಪ್ಪಿಸಿದ್ದೀನಾ?"

ನಾಲಿಗೆ ತುದಿಗೆ ಬಂದಿತ್ತು. ಕೆಂಪು ಪುಡಿ, ಚೂಪು ಹಲ್ಲು, ಎಲ್ಲ. ಬಾಯಿ ತೆರೆದೆ. ಬಂದದ್ದು ಬೇರೆ ಮಾತು.

"ಮಾರೋದಿಲ್ಲ. ಬಂದು ತಗೊಂಡು ಹೋಗು."

"ನಿಜವಾಗ್ಲೂ? ನೀನು ದೊಡ್ಡ ಮನಸ್ಸಿನವಳು ಬೆರಿಲ್."

ಮೇ ಹನ್ನೊಂದಕ್ಕೆ ಬರುತ್ತಾನಂತೆ. ಫ್ರಾನ್ಸಿಗೆ ಹೋಗುವ ಮೊದಲು ಮಾಲ್ವರ್ನ್ ಬೆಟ್ಟದ ರಸ್ತೆಯಲ್ಲಿ ಓಡಿಸಿ ನೋಡಬೇಕಂತೆ.

ಹಲ್ಲಿನ ವಿಷಯ ನಾನು ಹೇಳಲಿಲ್ಲ. ಅವನು ಕೇಳಲೂ ಇಲ್ಲ.

ಏಪ್ರಿಲ್ 6, ಶನಿವಾರ

ಪ್ಯೂ ತನ್ನ ಜಾಕಿ ತೆಗೆದುಕೊಂಡು ಹೋಗಲು ಬಂದ. ಹಿಂದಿನ ಚಕ್ರಗಳನ್ನು ಇದ್ದ ಹಾಗೇ ಕೂರಿಸಿಕೊಡಿ, ಗಾಡಿಯನ್ನು ಗಂಡ ಒಯ್ಯುತ್ತಾನೆ ಅಂದೆ.

"ಹಲ್ಲಿನ ವಿಷಯ ಅವರಿಗೆ ಹೇಳಿದ್ರಾ?"

"ಹೇಳಿದ್ದೀನಿ."

ನನ್ನನ್ನೇ ನೋಡಿದ. ಕಣ್ಣು ಸಣ್ಣವು, ನೀರು ತುಂಬಿಕೊಂಡ ಹಾಗಿರುತ್ತವೆ. "ಹೇಳಿದ್ರೂ ಅಷ್ಟೆ. ಗೊತ್ತಿದ್ದೂ ಸವೆದ ಹಲ್ಲಿಗೆ ಚಕ್ರ ಕೂರಿಸೋ ಕೆಲಸ ನಾನು ಮಾಡಲ್ಲ. ಐವತ್ತೈದು ವರ್ಷದಲ್ಲಿ ಮಾಡಿಲ್ಲ. ಅವರು ಬೇಕಾದರೆ ಅವರೇ ಕೂರಿಸಿಕೊಳ್ಳಲಿ."

"ಹಾಗಾದರೆ ನನಗೆ ಕಲಿಸಿಕೊಡಿ." ಯಾಕೆ ಹಾಗಂದೆನೋ.

"ಮುಂದಿನ ಚಕ್ರದ ಮೇಲೆ ಕಲಿಸ್ತೀನಿ. ಅವು ಚೆನ್ನಾಗಿವೆ. ಕಲಿಯೋಕೇನು, ಕಲೀರಿ."

ಪಾತ್ರೆ ತೊಳೆಯುವ ಕೈಗವಸು ಹಾಕಿಕೊಂಡು ನಿಂತೆ. "ಅದನ್ನ ತೆಗೀರಿ. ಮರಳಿನ ಕಣ ಇದ್ದರೆ ಬೆರಳಿಗೆ ಗೊತ್ತಾಗಬೇಕು" ಅಂದ. ತೆಗೆದೆ. ಸೀಮೆಎಣ್ಣೆಯಲ್ಲಿ ಹಲ್ಲುಗಳನ್ನು ಬ್ರಶ್ಶು ಹಾಕಿ ತೊಳೆಯಬೇಕು. ಒಣಬಟ್ಟೆಯಲ್ಲಿ ಒರೆಸಬೇಕು. ಗ್ರೀಸನ್ನು ಹಲ್ಲಿನ ಸಂದಿಸಂದಿಗೂ ತುಂಬಬೇಕು, ಹಬ್ಬಿನ ಹಿಂದಿನ ಇಳಿಜಾರು ಅಂಚಿಗೂ, ನಟ್ಟಿನ ಒಳಮೈಗೂ. ಆ ಮೆತ್ತಗಿನ ಕಂದು ಲೋಳೆ ಉಗುರೊಳಗೆ ಹೋದಾಗ ಮೈಯೆಲ್ಲ ಮುಳ್ಳೆದ್ದಿತು. ಥೂ.

"ಚಕ್ರ ಗಾಳಿಯಲ್ಲಿದ್ದಾಗಲೇ ಬಿಗಿ ಮಾಡಬೇಕು. ನೆಲದ ಮೇಲಿದ್ದರೆ ಗಾಡಿ ಭಾರಕ್ಕೆ ಒಂದು ಕಡೆ ವಾಲಿ ಕೂತುಬಿಡುತ್ತೆ, ಬಿಗಿಯಾಗಿದೆ ಅಂತ ಮೋಸ ಹೋಗ್ತೀರಿ. ನಟ್ಟಿನ ನೆತ್ತಿ ಯಾವಾಗಲೂ ಗಾಡಿಯ ಹಿಂದಕ್ಕೆ ಹೋಗೋ ಹಾಗೆ ಹೊಡೀಬೇಕು. ಎಡಗಡೆಗೂ ಅದೇ, ಬಲಗಡೆಗೂ ಅದೇ. ಎರಡು ಕಡೆಯ ನಟ್ಟಿನ ತಿರುಪು ಒಂದಕ್ಕೊಂದು ಉಲ್ಟಾ, ತಿಳೀತಾ? ಗಾಡಿ ಓಡಿದಷ್ಟೂ ನಟ್ಟು ಬಿಗಿಯಾಗಲಿ ಅಂತ."

ಮೊದಲ ಏಟು ನೆಲಕ್ಕೆ ಬಿತ್ತು. ಎರಡನೇದು ರೆಕ್ಕೆಗೆ ತಗುಲಿತು. ಮುದುಕ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ.

"ಧಬ್ ಅಂತಿದೆ. ಇನ್ನೂ ಹೊಡೀರಿ. ಕೂತಾಗ ಸದ್ದು ಬದಲಾಗುತ್ತೆ."

ಏಳನೇ ಏಟಿಗೆ ಬದಲಾಯಿತು. ಟಣ್. ಭುಜದವರೆಗೂ ಬಂತು.

"ಅದೇ! ಕೈ ಚೆನ್ನಾಗಿದೆ ನಿಮ್ಮದು."

"ಇಪ್ಪತ್ತು ವರ್ಷದಿಂದ ಇನ್ನೂರು ಮಕ್ಕಳಿಗೆ ಆಲೂಗಡ್ಡೆ ಜಜ್ಜಿದ ಕೈ" ಅಂದೆ. ನಕ್ಕ. ಹಲ್ಲು ಒಂದೂ ಅವನದಲ್ಲ.

ಆಮೇಲೆ ಗಾಡಿ ಹತ್ತು ಮೈಲಿ ಓಡಿದ ಮೇಲೆ ನಿಲ್ಲಿಸಿ ಇನ್ನೊಮ್ಮೆ ಹೊಡೆಯಬೇಕಂತೆ. ಸಂಜೆ ಮೂರು ಸಲ ಕೈ ತೊಳೆದರೂ ನಾತ ಹೋಗಲಿಲ್ಲ.

ಏಪ್ರಿಲ್ 14, ಭಾನುವಾರ

ಹಿಂದಿನ ಎರಡು ಚಕ್ರಗಳನ್ನೂ ನಾನೇ ಕೂರಿಸಿದೆ. ತುಕ್ಕು ತೊಳೆದೆ, ಹಲ್ಲಿನ ತುಂಬ ಗ್ರೀಸು ತುಂಬಿದೆ, ಸದ್ದು ಬದಲಾಗುವವರೆಗೂ ಹೊಡೆದೆ. ಎಡಗಡೆ ಒಂಬತ್ತು ಏಟು, ಬಲಗಡೆ ಹನ್ನೊಂದು.

ಗಾಡಿಯದೇ ಜಾಕಿ ಕೊಟ್ಟು, ದಿಮ್ಮಿ ತೆಗೆದು ಗಾಡಿಯನ್ನು ಅಂಗಳದಲ್ಲಿ ಹಿಂದೆ ಮುಂದೆ ಓಡಿಸಿ ನೋಡಿದೆ. ಗ್ರೀಸು ದಪ್ಪ ತುಂಬಿರುವುದರಿಂದ ಟಿಕ್ ಟಿಕ್ ಇಲ್ಲ. ಯಾರಿಗೂ ಏನೂ ಕೇಳಿಸುವುದಿಲ್ಲ.

ಅಚ್ಚುಕಟ್ಟಾಗಿ ಕೂತಿವೆ. ಮಾತಿಗೆ ತಪ್ಪಲಿಲ್ಲ, ಗಾಡಿ ಸಿದ್ಧವಿದೆ.

ಏಪ್ರಿಲ್ 17, ಬುಧವಾರ

ಶಾಲೆಯಲ್ಲಿ ಇವತ್ತು ಬಟಾಣಿ ಸೂಪಿನ ದೊಡ್ಡ ಹಂಡೆಯ ಪಕ್ಕ ಒಂದು ಗಾಜಿನ ಬಟ್ಟಲು ಒಡೆಯಿತು. ಒಳಗೆ ಚೂರು ಬಿದ್ದಿಲ್ಲ ಅಂತ ಎಲ್ಲರೂ ಆಣೆ ಮಾಡಿದರು. ನಾನು ಹಂಡೆ ಪೂರ್ತಿ ಚರಂಡಿಗೆ ಸುರಿಸಿದೆ. ಹೆಡ್ ಮಿಸ್ಟ್ರೆಸ್ಸು ಮುಖ ಗಂಟಿಕ್ಕಿದಳು. ಗಂಟಿಕ್ಕಲಿ. ಅನುಮಾನವಿದ್ದೂ ಬಡಿಸುವವರನ್ನು ಕಂಡರೆ ನನಗಾಗುವುದಿಲ್ಲ.

ಏಪ್ರಿಲ್ 28, ಭಾನುವಾರ

ಅವಳು ಬಂದಿದ್ದಳು, ರೋಸಲಿಂಡ್. ನನ್ನ ಮನೆಗೆ. ಬಾಗಿಲು ತೆರೆದರೆ ಕೋಲೂರಿಕೊಂಡು ನಿಂತಿದ್ದಾಳೆ. ಸೊಂಟ ಸರಿಯಿಲ್ಲವಂತೆ. ನಾನು ಅಂದುಕೊಂಡದ್ದಕ್ಕಿಂತ ಹತ್ತು ವರ್ಷ ಹೆಚ್ಚು ವಯಸ್ಸು, ಬೂದು ಕೂದಲು, ಔಷಧಿ ಅಂಗಡಿಯಲ್ಲಿ ಕೆಲಸವಂತೆ, ನಿಂತು ನಿಂತು ಊದಿದ ಕಾಲು.

"ಡೆಸ್ಮಂಡ್‌ನ ಮಳೆಕೋಟು ಬೇಕಿತ್ತು. ಅವರಿಗೆ ಬರೋಕೆ ಸಂಕೋಚ."

"ನಿಮಗಿಲ್ಲ."

"ಇದೆ. ಆದರೂ ಬಂದೆ."

ಹೊರಗೆ ನಿಲ್ಲಿಸಬಹುದಿತ್ತು. ಕಾಲು ನೋಡಿ ಕುರ್ಚಿ ಕೊಟ್ಟೆ. ಕುರ್ಚಿ ಕೊಟ್ಟ ಮೇಲೆ ಚಹಾ ಕೊಡಬೇಕಾಯಿತು. ಎಲ್ಲ ತೊಂದರೆ ಶುರುವಾಗುವುದೇ ಹೀಗೆ.

ಸುಮ್ಮನೆ ಕೂರಲಾಗದೆ ಕೇಳಿಯೇಬಿಟ್ಟೆ. "ಹನ್ನೊಂದು ವರ್ಷ ಮೊದಲನೇ ಭಾನುವಾರ ನಿಮ್ಮ ಹತ್ತಿರವೇ ಬರುತ್ತಿದ್ದನಾ?"

ಅವಳಿಗೆ ಅರ್ಥವಾಗಲಿಲ್ಲ. "ಹನ್ನೊಂದು ವರ್ಷ? ನಾನು ಅವರನ್ನ ಮೊದಲು ನೋಡಿದ್ದೇ ಹೋದ ವರ್ಷದ ಹಿಂದಿನ ವರ್ಷ ಕ್ಲಬ್ಬಿನ ಕ್ರಿಸ್‌ಮಸ್ ಊಟದಲ್ಲಿ. ಮೊದಲನೇ ಭಾನುವಾರ ಮಾತ್ರ ಅವರು ಯಾವತ್ತೂ ಸಿಗುತ್ತಿರಲಿಲ್ಲ. ಚಕ್ರದ ಕೆಲಸ ಅಲ್ವಾ. ಈಗಲೂ ಅಷ್ಟೆ. ಈ ತಿಂಗಳು ಏಳನೇ ತಾರೀಕು ಬೆಳಿಗ್ಗೆ ಎಂಟಕ್ಕೇ ಬಸ್ಸಿಗೆ ಹೋದರು."

"ಗಾಡಿ ನನ್ನ ಶೆಡ್ಡಿನಲ್ಲಿದೆ."

"ಹೌದು, ಬ್ಯೂಡ್ಲಿಯ ಸ್ನೇಹಿತರ ಗಾಡಿ ಚಕ್ರ. ಕೈ ಅಭ್ಯಾಸ ತಪ್ಪಿಹೋಗಬಾರದಂತೆ. ನಾನು ಚಿಕನ್ ಇಟ್ಟು ಬ್ರೆಡ್ಡು ಕಟ್ಟಿಕೊಟ್ಟೆ." ನಕ್ಕಳು. "ಗ್ರೀಸಿನ ಕಲೆ ಹೋಗೋಕೆ ನೀವು ಏನು ಹಾಕ್ತಿದ್ರಿ? ನಾನು ಎರಡು ದಿನ ಉಜ್ಜಿದೆ."

ಕಪ್ಪು ಹಿಡಿದಿದ್ದ ಅವಳ ಕೈ ನೋಡಿದೆ. ಬೆರಳ ಸಂದಿ ಬಿರಿದಿತ್ತು. ಉಗುರ ಸುತ್ತ ಸಣ್ಣ ಕಪ್ಪು ಗೆರೆ.

"ಸೋಡಾ" ಅಂದೆ.

ಹೋಗುವಾಗ ಶೆಡ್ಡಿನ ಕಿಟಕಿಯಿಂದ ಗಾಡಿ ನೋಡಿದಳು. "ನನಗೆ ಬೆಟ್ಟದ ರಸ್ತೆ ಅಂದರೆ ಎದೆ ಹೊಡೆದುಕೊಳ್ಳುತ್ತೆ. ಆದರೂ ಮೇ ಹನ್ನೊಂದಕ್ಕೆ ಪಕ್ಕದಲ್ಲಿ ಕೂತುಕೊಂಡು ಹೋಗಲೇಬೇಕಂತೆ. ಅವರು ಚಕ್ರ ಅಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರಲ್ಲ, ಅದೇ ಧೈರ್ಯ."

ಕೋಟು ಹಿಡಿದುಕೊಂಡು ಹೋದಳು. ಕುಂಟುತ್ತಾ.

ಏಪ್ರಿಲ್ 29, ಸೋಮವಾರ

ಶಾಲೆಗೆ ರಜೆ ಹಾಕಿದೆ. ಬೆಳಿಗ್ಗೆ ಏಳಕ್ಕೇ ಎರಡೂ ಹಿಂದಿನ ಚಕ್ರ ಬಿಚ್ಚಿದೆ. ನಾನು ತುಂಬಿದ ಗ್ರೀಸು ಹಾಗೇ ಇತ್ತು, ಹೊಸದಾಗಿ. ಅದನ್ನು ನೋಡುತ್ತಾ ಇದ್ದ ಹಾಗೆ ಹೇಸಿಗೆಯಾಯಿತು. ಈ ಸಲ ಡೆಸ್ಮಂಡ್‌ನ ಕೈ ನೆನೆದಲ್ಲ.

ಐವರ್‌ ಪ್ಯೂಗೆ ಫೋನ್ ಮಾಡಿದೆ. ಮಧ್ಯಾಹ್ನ ವ್ಯಾನು ತಂದು ಎರಡನ್ನೂ ಒಯ್ದರು. ಯಾರೂ ಮತ್ತೆ ಬಳಸದ ಹಾಗೆ ಕತ್ತರಿಸಿ ಅಂದೆ. ಹೊಸ ಹಬ್ಬು, ಹೊಸ ಚಕ್ರ ಮಾಡಿಕೊಡಿ ಅಂತಲೂ ಅಂದೆ. ಇವನ್ನು ಕೂರಿಸಿದ್ದು ಯಾರು ಅಂತ ಅವರು ಕೇಳಲಿಲ್ಲ. ಹಲ್ಲಿನಿಂದ ಒಂದಿಷ್ಟು ಗ್ರೀಸು ಬೆರಳಲ್ಲಿ ತೆಗೆದು ನೋಡಿ ಒರೆಸಿಕೊಂಡರು.

ಮೇ 11, ಶನಿವಾರ

ಇಬ್ಬರೂ ಬಂದರು, ರೋಸಲಿಂಡ್‌ಳ ಪುಟ್ಟ ಕಾರಿನಲ್ಲಿ. ಅವನು ಟೋಪಿ, ತೊಗಲು ಕೈಗವಸು, ಮದುವೆ ಗಂಡಿನ ಹಾಗೆ. ಶೆಡ್ಡಿನ ಬಾಗಿಲು ತೆರೆದೆ. ಗಾಡಿ ಹಿಂಭಾಗ ದಿಮ್ಮಿಯ ಮೇಲೆ, ಚಕ್ರವಿಲ್ಲದೆ.

"ಏನೇ ಇದು? ಚಕ್ರ ಎಲ್ಲಿ? ನಿನಗೆ ಹೇಳಿರಲಿಲ್ವಾ ಮುಟ್ಟಬೇಡ ಅಂತ!"

"ಬಾ ಇಲ್ಲಿ. ಬೆರಳಿಟ್ಟು ನೋಡು."

"ನನಗೆ ಕಲಿಸಬೇಡ! ಹನ್ನೊಂದು ವರ್ಷ ಈ ಕೈಯಲ್ಲಿ..."

"ಬೆರಳಿಡು ಡೆಸ್ಮಂಡ್."

ನನ್ನ ದನಿಗೆ ಇಟ್ಟ. ಕೈಗವಸು ಸೀಳಿತು. ಅವನು ಈ ಹಲ್ಲುಗಳನ್ನು ಕಂಡದ್ದೇ ಮೊದಲ ಸಲ ಅಂತ ಮುಖದಲ್ಲೇ ಗೊತ್ತಾಗುತ್ತಿತ್ತು. ಯಾವುದು ಏನು ಅಂತಲೇ ತಿಳಿಯದೆ ಕಣ್ಣಾಡಿಸುತ್ತಿದ್ದ.

"ಎಂಬತ್ತೈದರಿಂದ ಇದನ್ನ ಬಿಚ್ಚಿಲ್ಲ. ಬೆಟ್ಟದ ತಿರುವಿನಲ್ಲಿ ಬ್ರೇಕು ಹಾಕಿದ್ದರೆ ಇಬ್ಬರೂ ಕೆಳಗಿರುತ್ತಿದ್ದಿರಿ."

ಅವನು ಬಾಯಿ ತೆರೆಯುವ ಮೊದಲೇ ರೋಸಲಿಂಡ್ ಹಿಂದಿನಿಂದ ಕೇಳಿದಳು. ಮೆಲ್ಲಗೆ.

"ಹಾಗಾದರೆ ಹೋದ ಭಾನುವಾರ ಯಾರ ಚಕ್ರ, ಡೆಸ್ಮಂಡ್? ನಾನು ಒಗೆದದ್ದು ಯಾವ ಗ್ರೀಸು?"

ಮೊದಲು ಸ್ಟ್ಯಾನ್ ಅಂದ. ಫೋನ್ ನಂಬರು ಕೊಡಿ ಅಂದಳು. ಸ್ಟ್ಯಾನ್‌ಗೆ ಫೋನಿಲ್ಲ ಅಂದ. ವಿಳಾಸ ಕೊಡಿ ಅಂದಳು. ಅವನು ಟೋಪಿ ತೆಗೆದು ಗಾಡಿಯ ಮೇಲಿಟ್ಟ. ಹಾಕಿಕೊಂಡ. ಮತ್ತೆ ತೆಗೆದ.

"ಯಾವ ಹೆಂಗಸೂ ಇಲ್ಲ" ಅಂದ. "ನದಿ ಹತ್ತಿರ ಕೂತಿರ್ತೀನಿ. ಸೇತುವೆ ದಾಟಿದ ಮೇಲೆ ಒಂದು ಬೆಂಚಿದೆ. ಬ್ರೆಡ್ಡು ತಿಂತೀನಿ. ಪೇಪರು ಓದ್ತೀನಿ. ಅಷ್ಟೆ."

"ಹನ್ನೊಂದು ವರ್ಷ?" ನಾನು.

"ಒಬ್ಬನೇ ಇರಬೇಕು ಅನ್ನಿಸುತ್ತೆ. ಸುಮ್ಮನೆ ಹಾಗಂದರೆ ನೀನು ಯಾಕೆ ಅಂತ ಕೇಳ್ತಿದ್ದೆ."

ಕೇಳುತ್ತಿದ್ದೆ, ನಿಜ. ಕೇಳಿ, ಹೋಗು ಅಂತಲೂ ಅನ್ನುತ್ತಿದ್ದೆ. ಒಬ್ಬಳು ಹೆಂಗಸಿದ್ದಿದ್ದರೇ ವಾಸಿಯಾಗಿತ್ತು, ಅವಳನ್ನಾದರೂ ಬೈಯಬಹುದಿತ್ತು. ಬೆಂಚನ್ನು ಏನಂತ ಬೈಯಲಿ? ಬೆಂಚಿನಲ್ಲಿ ಕೂತು, ಎದ್ದು ಬರುವ ಮೊದಲು ಡಬ್ಬಿ ತೆರೆದು ಮಂಡಿಗೆ ಗ್ರೀಸು ಬಳಿದುಕೊಳ್ಳುವ ಮನುಷ್ಯ. ಇಂಥದ್ದೊಂದನ್ನು ಮೂವತ್ತನಾಲ್ಕು ವರ್ಷ ಗಂಡ ಅಂದುಕೊಂಡು, ಅದಕ್ಕೆ ಇಸ್ತ್ರಿ ಮಾಡಿದೆನಲ್ಲ.

ರೋಸಲಿಂಡ್ ಕೋಲೂರಿಕೊಂಡು ತನ್ನ ಕಾರಿಗೆ ನಡೆದಳು. ಅವನು ಹಿಂದೆ ಹೋಗಿ ಬಾಗಿಲಿಗೆ ಕೈ ಹಾಕಿದ. ಒಳಗಿನಿಂದ ಚಿಲಕ ಹಾಕಿತ್ತು.

"ಎರಡು ಗಂಟೆಗೆ ಬಸ್ಸಿದೆ" ಅಂದೆ. "ನೆಟ್ಟಗೆ ಬ್ಯೂಡ್ಲಿಗೇ ಹೋಗುತ್ತೆ."

ಮೇ 22, ಬುಧವಾರ

ರೋಸಲಿಂಡ್ ಫೋನ್ ಮಾಡಿದ್ದಳು. ಅವನು ಈಗ ಹಿಲ್ಡಾ ಮನೆಯಲ್ಲಿದ್ದಾನಂತೆ. ಅಲ್ಲಿ ಕೇಕಿನಲ್ಲಿ ಪಾಲು ಕೇಳುತ್ತಿದ್ದಾನೋ ಏನೋ.

"ನಿಮಗೆ ಹೇಗೆ ಋಣ ತೀರಿಸಲಿ ಗೊತ್ತಾಗ್ತಿಲ್ಲ. ನೀವು ಆ ಚಕ್ರ ಬಿಚ್ಚಿ ನೋಡದೇ ಇದ್ದಿದ್ದರೆ ನಾನು ಇವತ್ತು ಇರುತ್ತಿರಲಿಲ್ಲ" ಅಂದಳು. ಅತ್ತಳು.

ಇದೊಂದು ನನಗೆ ಬೇಡವಾಗಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಕೃತಜ್ಞತೆ ಕಿವಿಯೊಳಗೆ ಹೊಲಸು ನೀರು ಹೊಯ್ದ ಹಾಗಾಯಿತು.

"ಹಲ್ಲು ಸವೆದಿದೆ ಅಂತ ನನಗೆ ಮಾರ್ಚಿನಲ್ಲೇ ಗೊತ್ತಿತ್ತು. ಗೊತ್ತಿದ್ದೇ ಬಂದು ತಗೊಂಡು ಹೋಗು ಅಂತ ಅವನಿಗೆ ಹೇಳಿದ್ದು. ಏಪ್ರಿಲ್ ಹದಿನಾಲ್ಕಕ್ಕೆ ಆ ಚಕ್ರಗಳನ್ನ ನಾನೇ ಕೂರಿಸಿದೆ. ಸದ್ದು ಬಾರದ ಹಾಗೆ ಗ್ರೀಸು ತುಂಬಿದೆ. ನೀವು ಕಿಟಕಿಯಿಂದ ನೋಡಿದಾಗ ಗಾಡಿ ಹಾಗೇ ನಿಂತಿತ್ತು."

ಅವಳ ಮನೆಯಲ್ಲಿ ನಾಯಿಯೊಂದು ಬೊಗಳಿತು. ನಾಯಿ ಇದೆ ಅಂತ ಗೊತ್ತಿರಲಿಲ್ಲ.

"ನಾನು ಆವತ್ತು ಕೋಟಿಗೆ ಅಂತ ಬರದೇ ಇದ್ದಿದ್ದರೆ?"

"ಗೊತ್ತಿಲ್ಲ."

"ಅವನೊಬ್ಬನೇ ಹೋಗುತ್ತೀನಿ ಅಂದಿದ್ದರೆ?"

ಅದಕ್ಕೂ ಗೊತ್ತಿಲ್ಲ ಅಂದೆ. ಅದು ಸುಳ್ಳು ಅನ್ನಿಸಿತು. "ಬಿಚ್ಚುತ್ತಿರಲಿಲ್ಲ" ಅಂದೆ.

ಅವಳು ಫೋನಿಟ್ಟಳು. ಒರೆಸಲು ಬಟ್ಟೆ ತಂದೆ. ಒರೆಸುವುದಕ್ಕೆ ಏನಿತ್ತು, ಮಾತೆಲ್ಲ ನನ್ನದೇ. ಬಟ್ಟೆ ಮತ್ತೆ ಒಳಗಿಟ್ಟೆ.

ಜೂನ್ 8, ಶನಿವಾರ

ಐವರ್ ಹೊಸ ಹಬ್ಬು, ಹೊಸ ಚಕ್ರ ತಂದರು. ಹಬ್ಬು ಅವರು ಹಾಕಿದರು, ಚಕ್ರ ನಾನು ಕೂರಿಸಿದೆ. ಹೊಸ ಹಲ್ಲು ಚಪ್ಪಟೆ ತಲೆಯವು. ಚಕ್ರ ಒಳಗೆ ಹೋಗುವಾಗ ಗಾಳಿ ಸಿಕ್ಕಿಕೊಂಡು ಸಣ್ಣಗೆ ನಿಟ್ಟುಸಿರು ಬಿಡುತ್ತದೆ, ಕಷ್ಟಪಟ್ಟು ಮುಚ್ಚಿಕೊಳ್ಳುವ ಉಪ್ಪಿನಕಾಯಿ ಭರಣಿಯ ಹಾಗೆ.

ಅದು ಮುಗಿಯುವುದರೊಳಗೆ ಅವರಿಗೂ ಹೇಳಿದೆ. ಆವತ್ತು ಹೇಳಿದ್ದೀನಿ ಅಂದದ್ದು ಸುಳ್ಳು, ನೀವು ಕಲಿಸಿದ್ದನ್ನೇ ಬಳಸಿ ಹೀಗೆ ಮಾಡಿದೆ ಅಂತ. ಅವರು ಪೆಟ್ಟಿಗೆಯ ಮೇಲೆ ಕೂತರು.

"ಗ್ರೀಸು ನೋಡಿದಾಗಲೇ ಗೊತ್ತಾಯ್ತು. ಹೊಸ ಗ್ರೀಸು, ಹಳೇ ಹಲ್ಲು. ಹತ್ತು ದಿನ ನಿದ್ದೆ ಮಾಡಿಲ್ಲ ನಾನು. ಕೈ ಚೆನ್ನಾಗಿದೆ ಅಂತ ಬೇರೆ ಅಂದಿದ್ದೆ."

"ಹೌದು."

"ನಿಮ್ಮ ಮೇಲೆ ನನಗೆ ಹೇಸಿಗೆಯಾಯ್ತು, ಮಿಸೆಸ್ ಟ್ರಾಂಟರ್. ಸುಳ್ಳು ಹೇಳಲ್ಲ."

"ನನಗೂ."

ಎದ್ದು ಸುತ್ತಿಗೆ ತೆಗೆದುಕೊಂಡರು. ನಾನು ಬಿಗಿ ಮಾಡಿದ್ದ ನಾಲ್ಕನ್ನೂ ಒಂದೊಂದಾಗಿ ತಟ್ಟಿ, ಕಣ್ಣು ಮುಚ್ಚಿಕೊಂಡು ಕೇಳಿದರು. ಮೊದಲು ಹೀಗೆ ಪರೀಕ್ಷೆ ಮಾಡುತ್ತಿರಲಿಲ್ಲ. ನಾನು ಬಟ್ಟೆ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ. ಬೇಸರವಾಗಲಿಲ್ಲ.

"ಇನ್ನು ಮೇಲೆ ನೀವು ಕೂರಿಸಿದ್ದನ್ನ ನಾನೊಂದು ಸಲ ನೋಡ್ತೀನಿ."

"ನೋಡಿ" ಅಂದೆ.

ಚಹಾ ಕುಡಿದೇ ಹೋದರು. ಎರಡು ಕಪ್ಪು. ಬ್ರೆಡ್ಡು ತಿನ್ನುವಾಗ ನೋಡುತ್ತೇನೆ, ನಾನು ಕೈ ತೊಳೆದೇ ಇರಲಿಲ್ಲ.

ಮಧ್ಯಾಹ್ನ ಒಬ್ಬಳೇ ಗಾಡಿ ತೆಗೆದೆ. ಕ್ಲೆಂಟ್ ಬೆಟ್ಟದ ಕಡೆಗೆ. ಗಾಡಿಯ ಬಟ್ಟೆಯ ಚಾವಣಿ ಮಡಚಿದ್ದರಿಂದ ಗಾಳಿಗೆ ಕಣ್ಣಲ್ಲಿ ನೀರು. ಇಳಿಜಾರಿನಲ್ಲಿ ಬೇಕೆಂದೇ ಜೋರಾಗಿ ಬ್ರೇಕು ಹಾಕಿದೆ. ಹಿಡಿಯಿತು. ಎದೆ ಮಾತ್ರ ಬಹಳ ಹೊತ್ತು ಹೊಡೆದುಕೊಂಡಿತು. ಆ ಪಕ್ಕದ ಸೀಟನ್ನು ನೋಡಬಾರದು ಅಂದುಕೊಂಡೇ ನೋಡಿದೆ.

ಹತ್ತು ಮೈಲಿಗೆ ಸರಿಯಾಗಿ ರಸ್ತೆ ಬದಿ ನಿಲ್ಲಿಸಿ, ಜಾಕಿ ಕೊಟ್ಟು, ನಾಲ್ಕಕ್ಕೂ ಇನ್ನೊಮ್ಮೆ ಹೊಡೆದೆ. ಸೈಕಲ್ಲಿನಲ್ಲಿ ಹೋಗುತ್ತಿದ್ದ ಪಾದ್ರಿಯೊಬ್ಬ ನಿಂತು, "ಸಹಾಯ ಬೇಕಾ?" ಅಂದ. ಬೇಡ ಅಂದೆ.

ಮನೆಯಲ್ಲಿ ಟಣ್ ಅಂದಿದ್ದ ನಟ್ಟುಗಳು, ಐವರ್ ಕೂಡ ಸರಿ ಅಂದಿದ್ದವು. ಆದರೂ ನಾಲ್ಕೂ ಇನ್ನೂ ಒಂದೊಂದು ಬೆರಳಿನಷ್ಟು ಬಿಗಿಯ ಕಡೆಗೆ ತಿರುಗಿದವು.